ಹಳೆ ಪದ್ಮಿನಿಗೆ ಏರ್-ಫ್ಯೂಯಲ್ ಮೀಟರ್ ಹಾಕೋ ಮುಂಚೆ
ಕಲಬುರಗಿಯಲ್ಲಿ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೆ ಒಂದು ಮಾತು. ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಎಷ್ಟು ಪಾಲು ಗಾಳಿ ಸೇರುತ್ತಿದೆ ಅಂತ ಈ ಮೀಟರ್ ತೋರಿಸುತ್ತೆ. ಅದನ್ನು ಹಾಕಿದ ಕೂಡಲೇ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಬೇಡಿ. ಮೊದಲು ಸೈಲೆನ್ಸರ್ ಪೈಪಿನ ಜಾಯಿಂಟ್ ನೋಡಿ. ಆ ಪೈಪಿನಲ್ಲಿ ಕೂರುವ ಮೀಟರಿನ ಸೆನ್ಸರ್‌ಗಿಂತ ಮುಂಚೆ ಸಣ್ಣ ಲೀಕ್ ಇದ್ದರೂ ಹೊರಗಿನ ಗಾಳಿ ಸೇರಿ ಮೀಟರ್ 16, 17 ಅಂತ, ಅಂದರೆ ಪೆಟ್ರೋಲ್ ಕಡಿಮೆ ಅಂತ ಸುಳ್ಳು ಹೇಳುತ್ತೆ. ನಾನು ಅದನ್ನೇ ನಂಬಿ ಪೆಟ್ರೋಲ್ ಜಾಸ್ತಿ ಮಾಡುತ್ತಾ ಹೋದೆ. ಆಮೇಲೆ ಪ್ಲಗ್ ಬಿಚ್ಚಿದರೆ ರೊಟ್ಟಿ ಹಂಚಿನ ತಳದ ಹಾಗೆ ಮಸಿ!

ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಗಾಳಿ-ಪೆಟ್ರೋಲ್ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ಮಾತ್ರ ತಿರುಗಿಸಿ, ಅಂಕಿ ನಿಲ್ಲುವವರೆಗೆ ಕಾಯಿರಿ. 13ರಿಂದ 14 ಸಾಕು. 14.7ರಲ್ಲಿ ಪೆಟ್ರೋಲ್ ಪೂರ್ತಿ ಉರಿಯುತ್ತೆ ಅನ್ನೋದು ಲೆಕ್ಕಕ್ಕೆ ಸರಿ, ಆದರೆ ಹಳೆ ಇಂಜಿನ್ ಅಲ್ಲಿ ನಡುಗುತ್ತೆ, ಅಲ್ವಾ? ಹುಮನಾಬಾದ್ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ 12.5ರಿಂದ 13 ಬರಬೇಕು. ಬರದಿದ್ದರೆ ಸುಮ್ನೆ ಸ್ಕ್ರೂ ತಿರುಗಿಸಬೇಡಿ, ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್ ಬದಲಿಸಿ. ಅಂಕಿ ಓದೋಕೆ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ.