ಶಿವಮೊಗ್ಗದ ಕಂಟ್ರೋಲ್ ರೂಮಿಗೆ ಜನ ಎಷ್ಟು ಬೇಕು, ಅವರಿಗೆ ಏನು ಕಲಿಸಬೇಕು

ತುರ್ತು ಕರೆ ಎತ್ತುವ ಒಂದು ಕುರ್ಚಿಗೆ ಮೂರು ಪಾಳಿ, ಅಂದರೆ ಮೂರು ಜನ ಸಾಕು ಅಂತ ಲೆಕ್ಕ ಹಾಕುವವರು ಜಾಸ್ತಿ. ಸಾಲುವುದಿಲ್ಲ. ವಾರಕ್ಕೆ 168 ಗಂಟೆ. ಒಬ್ಬರು ದಿನಕ್ಕೆ ಎಂಟು ಗಂಟೆಯಂತೆ ಆರು ದಿನ ಕೂತರೆ 48 ಗಂಟೆ. ಅಲ್ಲಿಗೇ ಮೂರೂವರೆ ಜನ ಆಯಿತು. ಅದರ ಮೇಲೆ ಹಬ್ಬದ ರಜೆ, ಜ್ವರ, ತರಬೇತಿ, ಕೆಲಸ ಬಿಟ್ಟವರ ಖಾಲಿ ಜಾಗ ಎಲ್ಲ ಸೇರಿಸಿದರೆ ಕುರ್ಚಿಗೆ ಐದು ಜನ ಬೇಕು. ಹಗಲೂ ರಾತ್ರಿ ನಾಲ್ಕು ಕುರ್ಚಿ ತುಂಬಿರಬೇಕಾದರೆ ಇಪ್ಪತ್ತು ಜನ, ಜೊತೆಗೆ ಪಾಳಿಗೊಬ್ಬರು ಮೇಲ್ವಿಚಾರಕರು.

ಎಷ್ಟು ಕುರ್ಚಿ ಬೇಕು ಅನ್ನುವುದಕ್ಕೆ ದಿನದ ಸರಾಸರಿ ಹಿಡಿದು ಕೂರಬೇಡಿ. ಗಂಟೆಗಂಟೆಯ ಲೆಕ್ಕ ತೆಗೆಯಿರಿ. ನೂರರಲ್ಲಿ 90 ಕರೆಗಳನ್ನು 15 ಸೆಕೆಂಡಿನೊಳಗೆ ಎತ್ತಬೇಕು ಅನ್ನುವುದು ಅಮೆರಿಕದಲ್ಲಿ ಇಟ್ಟುಕೊಂಡಿರುವ ಗುರಿ, ನಮಗೂ ಅದೇ ಸರಿ. ಆದರೆ ನಮ್ಮಲ್ಲಿ ಮಳೆಗಾಲವನ್ನು ಬೇರೆಯಾಗಿಯೇ ನೋಡಬೇಕು. ತೀರ್ಥಹಳ್ಳಿ ರಸ್ತೆಗೆ ಒಂದು ಮರ ಬಿತ್ತು ಅಂದರೆ ಆ ಒಂದೇ ಮರಕ್ಕೆ ಹತ್ತಾರು ಜನ ಫೋನ್ ಮಾಡುತ್ತಾರೆ, ಅವರ ಹಿಂದೆ ಎದೆನೋವಿನ ಮನೆಯವರು ಕಾಯುತ್ತಿರುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಊರೊಳಗೇ ಇರುವ, ಕರೆದರೆ ಬೇಗ ಬರುವ ಕೆಲವರ ಪಟ್ಟಿ ಕೈಯಲ್ಲಿರಲಿ.

ಜನರನ್ನು ಆರಿಸುವಾಗ ಡಿಗ್ರಿಗಿಂತ ಕಿವಿ ನೋಡಿ. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಯಾರೋ ಅಳುತ್ತಾ ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಕೇಳಿಸಿ, ಜಾಗ ಯಾವುದು, ಆಗಿದ್ದೇನು ಅಂತ ಬರೆಯಲು ಹೇಳಿ. ಅರ್ಧ ಜನರ ಕಥೆ ಅಲ್ಲೇ ಗೊತ್ತಾಗುತ್ತದೆ. ಪ್ರತಿ ಪಾಳಿಯಲ್ಲೂ ಉರ್ದು ಬರುವವರು ಇರಬೇಕು, ಭದ್ರಾವತಿ ಕಡೆಗೆ ತಮಿಳು, ಶಿಕಾರಿಪುರದ ತಾಂಡಾಗಳಿಗೆ ಲಂಬಾಣಿ ಗೊತ್ತಿರುವವರು ಸಿಕ್ಕರೆ ಬಿಡಬೇಡಿ. ಬಸ್ ಕಂಡಕ್ಟರ್ ಆಗಿದ್ದವರು ಅರ್ಜಿ ಹಾಕಿದರೆ ನಾನಂತೂ ಮೊದಲು ಕರೆಯುತ್ತೇನೆ, ಊರೂರಿನ ತಿರುವು ಅವರ ಬಾಯಲ್ಲೇ ಇರುತ್ತದೆ.

ತರಬೇತಿಯಲ್ಲಿ ಅತಿ ಹೆಚ್ಚು ಸಮಯ ಒಂದೇ ವಿಷಯಕ್ಕೆ ಕೊಡಿ: ಜಾಗ ಕೇಳುವುದು. ಮೊದಲ ಪ್ರಶ್ನೆ "ಎಲ್ಲಿದ್ದೀರಿ", ಎರಡನೆಯದು ಫೋನ್ ನಂಬರ್, ಆಮೇಲೆ "ಏನಾಯ್ತು". ಸಿಗ್ನಲ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಅದಕ್ಕೇ ಈ ಕ್ರಮ. ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗೆ ಡೋರ್ ನಂಬರ್ ಕೇಳಿ ಏನು ಪ್ರಯೋಜನ? ಯಾವ ಸ್ಟಾಪಿನಲ್ಲಿ ಇಳಿಯಬೇಕು, ಕಾಲುಸಂಕ ದಾಟಬೇಕಾ, ಗಾಡಿ ಅಂಗಳದವರೆಗೆ ಬರುತ್ತದಾ, ಟಾರ್ಚ್ ಹಿಡಿದು ರಸ್ತೆಗೆ ಯಾರು ಬರುತ್ತಾರೆ ಅಂತ ಕೇಳಬೇಕು. ಹೆದ್ದಾರಿಯಲ್ಲಾದರೆ ಕಿಲೋಮೀಟರ್ ಕಲ್ಲು. ಪರದೆಯ ಮೇಲೆ ಕಾಣುವ ಲೊಕೇಶನ್ ಬರೀ ಟವರಿನದ್ದಾದರೆ ಆ ಮನೆ ಗುಡ್ಡದ ಆಚೆಗೂ ಇರಬಹುದು, ಅದನ್ನೇ ನಂಬಬೇಡಿ. ಆಗುಂಬೆ ಘಾಟಿಯ ಮೇಲ್ಭಾಗ ಶಿವಮೊಗ್ಗ ಜಿಲ್ಲೆ, ಕೆಳಗೆ ಸೋಮೇಶ್ವರ ಉಡುಪಿ ಜಿಲ್ಲೆ. ಯಾವ ತಿರುವು ಅಂತ ಕೇಳಿ, ಹತ್ತಿರದ ಆಂಬುಲೆನ್ಸ್ ಕೆಳಗಿದ್ದರೆ ನೀವೇ ಆ ಕಡೆಗೆ ತಿಳಿಸಿ. ಫೋನ್ ಮಾಡಿದವರಿಗೆ "ಅಲ್ಲಿಗೆ ಮಾಡಿ" ಅನ್ನಬಾರದು. ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರಿನ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆಯಿತು, ಈಗಲೂ ಲಾಂಚಿನ ಲೆಕ್ಕದಲ್ಲೇ ದಾರಿ ಹೇಳಿದರೆ ಹೊತ್ತು ಹಾಳು. ಹೊಸಬರನ್ನು ಆಂಬುಲೆನ್ಸ್‌ನಲ್ಲಿ ಕೂರಿಸಿ ಈ ರಸ್ತೆಗಳನ್ನೆಲ್ಲ ಸುತ್ತಿಸಿ.

ಫೋನಿನಲ್ಲೇ ಹೇಳಿಕೊಡಬೇಕಾದ್ದು ಕೆಲವು ಇವೆ. ಎಚ್ಚರ ಇಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಒತ್ತಿಸಬೇಕು, ಜೊತೆಗೆ ನೀವೂ ಎಣಿಸಬೇಕು. ಮನೆಯವರು "ಗೊರಕೆ ಹೊಡೀತಿದಾರೆ" ಅಂದಾಗ ಸಮಾಧಾನ ಮಾಡಿಕೊಳ್ಳಬೇಡಿ, ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಅಂಥ ಉಸಿರು ಬರುತ್ತದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ನಡೆಸಬಾರದು. ಅಡಿಕೆ ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು, ಕುತ್ತಿಗೆ ಅಲುಗಾಡಬಾರದು. ಇವನ್ನು ಕಾರ್ಡಿನಲ್ಲಿ ಬರೆಸಿ ಪ್ರತಿ ಮೇಜಿನ ಮೇಲೂ ಇಡಿ.

ಹೊಸಬರು ಮೊದಲು ಎರಡನೇ ಹೆಡ್‌ಸೆಟ್ ಹಾಕಿಕೊಂಡು ಬರೀ ಕೇಳಲಿ, ಆಮೇಲೆ ಹಳಬರು ಪಕ್ಕದಲ್ಲಿರುವಾಗ ಮಾತಾಡಲಿ. ರಾತ್ರಿ ಪಾಳಿಗೆ ಒಬ್ಬರನ್ನೇ ಬಿಡಲೇಬೇಡಿ. ಮಗು ಬಾವಿಗೆ ಬಿದ್ದಂಥ ಕರೆ ಮುಗಿಸಿದವರನ್ನು ತಕ್ಷಣ ಇನ್ನೊಂದು ಕರೆಗೆ ತಳ್ಳಬಾರದು. ಎಬ್ಬಿಸಿ ಹೊರಗೆ ಕಳಿಸಿ, ಅಷ್ಟು ಹೊತ್ತು ಮೇಲ್ವಿಚಾರಕರೇ ಫೋನ್ ಎತ್ತಲಿ. ಆಸ್ಪತ್ರೆಗೆ ವಿಚಾರಿಸಿ ಕೊನೆಗೆ ಏನಾಯಿತು ಅಂತ ಅವರಿಗೆ ತಿಳಿಸಿ, ಸುದ್ದಿ ಕೆಟ್ಟದ್ದಾದರೂ ಸರಿ.