ವಾಲಂಟಿಯರ್‌ಗಳನ್ನು ನೋಡಿಕೊಳ್ಳುವ ನಮ್ಮ ಹುರುಪು ಉಳಿಯುವುದು ಹೇಗೆ: ನನ್ನ ಅನುಭವ

ವಾಲಂಟಿಯರ್‌ಗಳನ್ನು ನೋಡಿಕೊಳ್ಳುವವರಿಗೆ ಒಂದು ಕಷ್ಟ ಇದೆ. ತಂಡ ಬೆಳೆದಷ್ಟೂ ನಾವು ಮೂಲ ಕೆಲಸದಿಂದ ದೂರ ಆಗುತ್ತಾ ಹೋಗುತ್ತೇವೆ. ನಮ್ಮ ಸಂಸ್ಥೆ ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುತ್ತದೆ. ಪರೀಕ್ಷೆ ಬಂದಾಗ ಅವರು ಹೇಳಿದ ಉತ್ತರ ಬರೆದುಕೊಡುವವರನ್ನೂ ಹೊಂದಿಸುತ್ತದೆ. ನಾನು ಸೇರಿದ್ದು ಓದುವುದಕ್ಕೆ. ತಂಡದ ಜವಾಬ್ದಾರಿ ಬಂದ ಮೇಲೆ ಕೈಯಲ್ಲಿ ಉಳಿದದ್ದು ಫೋನು, ಹಾಜರಿ ಪಟ್ಟಿ, ಆಮೇಲೆ "ನಾಳೆ ಬರೋಕಾಗಲ್ಲ, ಸಾರಿ" ಅನ್ನುವ ಮೆಸೇಜು.

ಇಂಥ ದಿನಗಳಲ್ಲಿ ಸ್ಫೂರ್ತಿ ತುಂಬುವ ಭಾಷಣ ಕೇಳಿದರೆ ಆ ಸಂಜೆಗೆ ಸಾಕಾಗುತ್ತಿತ್ತು, ಮರುದಿನಕ್ಕೆ ಸಾಲುತ್ತಿರಲಿಲ್ಲ. ನನ್ನನ್ನು ಇಷ್ಟು ವರ್ಷ ಹಿಡಿದು ನಿಲ್ಲಿಸಿದ್ದು ವಿದ್ಯಾರ್ಥಿಗಳ ಮಾತು. ಹೊಗಳಿಕೆಗಿಂತ ಹೆಚ್ಚಾಗಿ ಅವರ ದೂರು.

ಒಮ್ಮೆ ಒಬ್ಬ ಹುಡುಗಿ ಫೋನ್ ಮಾಡಿದಳು. "ಮೇಡಂ, ಅರ್ಥಶಾಸ್ತ್ರ ಓದಿದವರು ಕೋಷ್ಟಕ ಬಂದಾಗ ಬರೀ ಅಂಕಿ ಓದಿಕೊಂಡು ಹೋಗಿದ್ದಾರೆ. ಯಾವ ಅಂಕಿ ಯಾವ ವರ್ಷದ್ದು ಅಂತಾನೇ ಗೊತ್ತಾಗ್ತಿಲ್ಲ." ಓದಿದವರು ನಿವೃತ್ತರು, ಬಹಳ ಶ್ರದ್ಧೆಯವರು. ಅವರಿಗೆ ಬೇಜಾರಾಗುತ್ತದೆ ಅಂತ ದೂರನ್ನು ನನ್ನಲ್ಲೇ ಇಟ್ಟುಕೊಳ್ಳಬಹುದಿತ್ತು. ನಾನು ಇಬ್ಬರನ್ನೂ ಕೇಳಿ, ಒಟ್ಟಿಗೇ ಫೋನಲ್ಲಿ ಕೂರಿಸಿದೆ. ಮೊದಲು ಕಂಬಸಾಲುಗಳ ಹೆಸರು ಹೇಳಿ, ಆಮೇಲೆ ಒಂದೊಂದು ಅಂಕಿಯ ಜೊತೆ ಅದರ ವರ್ಷವನ್ನೂ ಹೇಳಿ ಅಂತ ಅವಳೇ ವಿವರಿಸಿದಳು. ಅವರು ಪಾಠವನ್ನು ಹೊಸದಾಗಿ ಓದಿ ಕೊಟ್ಟರು. ಈಗ ಕೋಷ್ಟಕ, ನಕ್ಷೆ ಇರುವ ಪಾಠ ಇದ್ದರೆ ನನಗೇ ಕೊಡಿ ಅಂತ ಕೇಳಿ ತೆಗೆದುಕೊಳ್ಳುತ್ತಾರೆ. ದೂರು ಬಂತು ಅಂದರೆ ಯಾರೋ ಕೂತು ಪೂರ್ತಿ ಕೇಳಿದ್ದಾರೆ ಅಂತ ಅರ್ಥ, ಅಲ್ವಾ? ಎಷ್ಟು ಸಲ ಧನ್ಯವಾದ ಹೇಳಿದರೂ ಆ ಖಾತ್ರಿ ಸಿಗುವುದಿಲ್ಲ.

ಅಂದಿನಿಂದ ಎರಡೂ ಕಡೆಯ ಮಾತು ದಾಟಿಸುವುದನ್ನೇ ನನ್ನ ಮುಖ್ಯ ಕೆಲಸ ಅಂದುಕೊಂಡಿದ್ದೇನೆ. ವಿದ್ಯಾರ್ಥಿ ಒಪ್ಪಿದರೆ ಮಾತ್ರ ದಾಟಿಸುತ್ತೇನೆ. ಅವರ ಕಷ್ಟವನ್ನು ನಮ್ಮ ಪ್ರಚಾರಕ್ಕೆ ಬಳಸುವುದು ನನಗೆ ಸರಿ ಕಾಣುವುದಿಲ್ಲ. ವಾಟ್ಸಾಪ್ ಗ್ರೂಪಿಗೂ ಹಾಕುವುದಿಲ್ಲ. ಗ್ರೂಪಲ್ಲಿ ಹಾಕಿದ ಮಾತು ಯಾರಿಗೂ ತನ್ನದು ಅನ್ನಿಸುವುದಿಲ್ಲ. ಓದಿದವರಿಗೇ ನೇರ ಫೋನ್ ಮಾಡಿ ಹೇಳುತ್ತೇನೆ. ಹಾಗೆ ಹೇಳುವಾಗ ನನ್ನ ದಣಿವೂ ಅರ್ಧ ಇಳಿದಿರುತ್ತದೆ.

ಜೊತೆಗೆ, ವಾರಕ್ಕೆ ಒಂದು ಪಾಠ ನಾನೇ ಓದುತ್ತೇನೆ. ಎಷ್ಟೇ ಕೆಲಸ ಇದ್ದರೂ ಇದನ್ನು ಬಿಡುವುದಿಲ್ಲ. ಒಂದು ಚಿತ್ರವನ್ನು ಮಾತಲ್ಲಿ ಹೇಳಲು ಒದ್ದಾಡಿದ ನಂತರ, "ಇವತ್ತು ಎರಡೇ ಪುಟ ಆಯ್ತು" ಅನ್ನುವವರ ಮೇಲೆ ಸಿಟ್ಟು ಬರುವುದಿಲ್ಲ.

ಜನ ಯಾಕೆ ವಾಲಂಟಿಯರ್ ಆಗುತ್ತಾರೆ ಅನ್ನುವುದನ್ನು ಗಿಲ್ ಕ್ಲಾರಿ, ಮಾರ್ಕ್ ಸ್ನೈಡರ್ ಮತ್ತು ಅವರ ಜೊತೆಗಾರರು 1998ರ ಅಧ್ಯಯನದಲ್ಲಿ ಆರು ಕಾರಣಗಳಾಗಿ ವಿಂಗಡಿಸಿದರು. ನಂಬಿದ ಮೌಲ್ಯ, ಕಲಿಯುವ ಆಸೆ, ಒಡನಾಟ, ಉದ್ಯೋಗಕ್ಕೆ ಅನುಕೂಲ, ಮನಸ್ಸಿನ ನೋವಿನಿಂದ ಬಿಡುವು, ತನ್ನ ಬಗ್ಗೆ ತನಗೆ ಬರುವ ಗೌರವ. ನಾನು ಇದನ್ನು ಫಾರ್ಮ್ ಮಾಡಿ ತುಂಬಿಸುವುದಿಲ್ಲ. ಹೊಸಬರ ಜೊತೆ ಕೂತು ಸುಮ್ನೆ ಮಾತಾಡುತ್ತೇನೆ. ಕೆಲವು ತಿಂಗಳು ಬಿಟ್ಟು ಮತ್ತೆ ಕೇಳುತ್ತೇನೆ, ಯಾಕಂದರೆ ಕಾರಣ ಬದಲಾಗುತ್ತದೆ. ಸರ್ಟಿಫಿಕೇಟಿಗೆ ಬಂದವರು ಅಂತ ಕೆಲವರು ಮೂಗು ಮುರಿಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಾಗೆ ಬಂದ ಹುಡುಗರು ಕೆಲಸ ಸಿಕ್ಕ ಮೇಲೂ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡಲು ರಜೆ ಹಾಕಿ ಬಂದಿದ್ದಾರೆ. ಅದೇ ಪ್ರಶ್ನೆಯನ್ನು ನನಗೂ ಕೇಳಿಕೊಂಡೆ. ನನ್ನದು ಕಲಿಯುವ ಆಸೆ. ಹೊಸದು ಏನೂ ಕಲಿಯದ ತಿಂಗಳಲ್ಲಿ ನಾನು ಮಂಕಾಗುತ್ತೇನೆ ಅಂತ ಆಗ ಗೊತ್ತಾಯಿತು.

ಮಂಕಾಗುವುದಕ್ಕೂ ಬಳಲಿ ಹೋಗುವುದಕ್ಕೂ ವ್ಯತ್ಯಾಸ ಇದೆ. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ 'ಬರ್ನ್‌ಔಟ್' ಬಗ್ಗೆ ಬರೆದದ್ದು ನ್ಯೂಯಾರ್ಕಿನ ಒಂದು ಉಚಿತ ಕ್ಲಿನಿಕ್ಕಿನಲ್ಲಿ ಸೇವೆ ಮಾಡುತ್ತಿದ್ದವರನ್ನು ನೋಡಿ. ಅವರೂ ಅಲ್ಲಿ ಕೆಲಸ ಮಾಡಿದವರೇ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಮೂರು ಗುರುತು ಹೇಳುತ್ತದೆ: ತೀರಾ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನಾನು ಎರಡನೆಯದನ್ನೇ ಗಮನಿಸುತ್ತೇನೆ. ಫೋನ್ ರಿಂಗಾದಾಗ "ಈಗ ಇನ್ಯಾರು ಕೈಕೊಟ್ಟರೋ" ಅಂತ ಮೊದಲು ಅನ್ನಿಸಿದರೆ, ಆ ವಾರದ ಫೋನನ್ನು ಇನ್ನೊಬ್ಬರಿಗೆ ಒಪ್ಪಿಸುತ್ತೇನೆ. ಪರೀಕ್ಷೆಯ ಕಾಲದಲ್ಲಿ ಇಬ್ಬರು ಪಾಳಿ ಮೇಲೆ ಫೋನ್ ನೋಡುವ ಏರ್ಪಾಡು ಇದಕ್ಕಾಗಿಯೇ ಇದೆ.

ಸಂಸ್ಥೆಯೊಳಗೆ ಹೇಳಿಕೊಳ್ಳಲು ಆಗದ್ದೂ ಇರುತ್ತದೆ. ಅದಕ್ಕೆ ಬೇರೆ ಸಂಸ್ಥೆಗಳಲ್ಲಿ ಇದೇ ಕೆಲಸ ಮಾಡುವವರ ಸಣ್ಣ ಬಳಗ ಮಾಡಿಕೊಂಡಿದ್ದೇವೆ. ರಕ್ತದಾನ ಶಿಬಿರ ನಡೆಸುವವರು, ವೃದ್ಧರ ಆರೈಕೆಯವರು, ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುವವರು ಇದ್ದಾರೆ. ತಿಂಗಳಿಗೊಮ್ಮೆ ಮಾತಾಡುತ್ತೇವೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಈ ತಿಂಗಳು ಯಾರು ಬಿಟ್ಟು ಹೋದರು, ಯಾಕೆ? ರಕ್ತದಾನದವರಿಂದ ಕಲಿತದ್ದು, ಬೇಕಾದಾಗ ಮಾತ್ರ ಫೋನ್ ಮಾಡಬಾರದು ಅನ್ನುವುದು. ಒಂದು ಪರೀಕ್ಷೆಗೆ ಬರೆದುಕೊಡುವವರ ಜೊತೆ ಕಾಯ್ದಿಟ್ಟ ಇನ್ನೊಬ್ಬರೂ ಇರಬೇಕು, ಕರೆ ಬರದೆ ಮನೆಯಲ್ಲೇ ಕಾದವರಿಗೂ ಥ್ಯಾಂಕ್ಸ್ ಹೇಳಬೇಕು ಅಂತ ತಿಳಿದದ್ದೂ ಆ ಬಳಗದಲ್ಲೇ. ಡಿಸೆಂಬರ್ 5 ಸ್ವಯಂಸೇವಕರ ದಿನ. ವಿಶ್ವಸಂಸ್ಥೆ 1985ರಲ್ಲಿ ಅದನ್ನು ಗೊತ್ತುಮಾಡಿತು. ಅದಕ್ಕೆ ಸರಿಯಾಗಿ ಒಂದು ತಿಂಗಳು ಮುಂಚೆ, ನವೆಂಬರ್ 5, ವಾಲಂಟಿಯರ್‌ಗಳನ್ನು ನೋಡಿಕೊಳ್ಳುವವರ ದಿನ. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಅವತ್ತು ನಾವು ಒಬ್ಬರಿಗೊಬ್ಬರು ಕಾಗದ ಬರೆಯುತ್ತೇವೆ, ಆ ವರ್ಷ ಅವರಿಂದ ಏನು ಕಲಿತೆವು ಅಂತ.

ಈಚೆಗೆ ಇನ್ನೊಂದು ಬದಲಾವಣೆ ಮಾಡಿದ್ದೇವೆ. ಪರೀಕ್ಷೆ ಬರೆದುಕೊಡುವವರಿಗೆ ತರಬೇತಿ ಕೊಡುವುದು ಈಗ ವಿದ್ಯಾರ್ಥಿಗಳೇ. ಹೇಳಿದ್ದನ್ನೇ ಬರೆಯಬೇಕು, ವಾಕ್ಯವನ್ನು ತಾವಾಗಿ ತಿದ್ದಬಾರದು, ಎಷ್ಟು ಅಂಕದ ಪ್ರಶ್ನೆ ಅಂತ ಓದುವಾಗಲೇ ತಿಳಿಸಬೇಕು, ಕೇಳಿದಾಗಲೆಲ್ಲ ಉಳಿದ ಸಮಯ ಹೇಳಬೇಕು. ಇದನ್ನೆಲ್ಲ ನಾನು ಹೇಳುತ್ತಿದ್ದಾಗ ಹೊಸಬರು ಬರೆದುಕೊಳ್ಳುತ್ತಿದ್ದರು. ವಿದ್ಯಾರ್ಥಿಗಳು ಹೇಳುವಾಗ ಪ್ರಶ್ನೆ ಕೇಳುತ್ತಾರೆ, ಅಲ್ಲೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಅಭ್ಯಾಸಕ್ಕೆ ಕೂರುತ್ತಾರೆ, ಮುಂದಿನ ಪರೀಕ್ಷೆಗೆ ಯಾರ ಜೊತೆ ಯಾರು ಅನ್ನುವುದನ್ನೂ ತಾವೇ ಮಾತಾಡಿಕೊಂಡು ನನಗೆ ತಿಳಿಸುತ್ತಾರೆ.