ರನ್ ಔಟ್ ಆದ ಚೀಲಗಳು

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಓದಿದ್ದೆಲ್ಲ ಕನ್ನಡ ಮೀಡಿಯಂ. ಆದ್ರೂ ಇಂಗ್ಲಿಷ್ ಹೆಚ್ಚೂಕಮ್ಮಿ ತಿಳಿಯುತ್ತೆ ಅನ್ನೋ ಧೈರ್ಯ ಇತ್ತು. ಆ ಧೈರ್ಯ ಇಳಿಸಿದ್ದು ಮೂರೇ ಅಕ್ಷರದ ಒಂದು ಪದ, ರನ್.

ಸುಗ್ಗಿ ಟೈಮು. ಗೇಟಿನ ಹೊರಗೆ ಭತ್ತದ ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿದ್ದವು. ಅಕ್ಕಿ ತುಂಬೋಕೆ ನಮ್ಮ ಹೆಸರು ಪ್ರಿಂಟ್ ಹಾಕಿದ 25 ಕೆಜಿ ಚೀಲ ಬೇರೆ ರಾಜ್ಯದಿಂದ ಬರಬೇಕಿತ್ತು. ಅಲ್ಲಿಂದ ವಾಟ್ಸಾಪ್ ಬಂತು, 'ಬ್ಯಾಗ್ಸ್ ಹ್ಯಾವ್ ರನ್ ಔಟ್. ವಿಲ್ ಇನ್ಫಾರ್ಮ್.' ರನ್ ಅಂದ್ರೆ ಓಡು, ಔಟ್ ಅಂದ್ರೆ ಹೊರಗೆ. ಕ್ರಿಕೆಟ್‌ನಲ್ಲೂ ರನ್ ಔಟ್ ಆದವನು ಹೊರಗೇ ಹೋಗ್ತಾನಲ್ವಾ?

"ಸಾವ್ಕಾರ್ರ, ಚೀಲ ಹೊಂಟಾವಂತ್ರಿ" ಅಂದೆ.

ಎರಡು ದಿನ ಕಾದೆವು. ತಯಾರಾದ ಅಕ್ಕಿ ತುಂಬೋಕೆ ಚೀಲ ಇಲ್ಲ, ಹಮಾಲರು ಸುಮ್ನೆ ನೆರಳಲ್ಲಿ ಕೂತಿದ್ದಾರೆ. ಮೂರನೇ ದಿನ ಸಾವ್ಕಾರ್ರು ನನ್ನ ಟೇಬಲ್ ಮುಂದೆ ಬಂದು ನಿಂತು, "ಎಲ್ಲಪಾ ನಿನ್ ಚೀಲ? ನಡಕೊಂಡು ಬರಾಕತ್ತಾವೇನು?" ಅಂದ್ರು. ಫೋನ್ ಮಾಡಿದೆ. ಆ ಕಡೆಯವನು ಹಿಂದಿಯಲ್ಲಿ 'ಖತಮ್' ಅಂದ. ಓಡಿ ಬಂದಿರಲಿಲ್ಲ, ಸ್ಟಾಕೇ ಖಾಲಿಯಾಗಿತ್ತು.

ಅವತ್ತು ರಾತ್ರಿ ಡಿಕ್ಷನರಿ ತೆಗೆದೆ. ರನ್ ಅನ್ನೋದಕ್ಕೇ ಪುಟಗಟ್ಟಲೆ. ಆಮೇಲೆ ಗೊತ್ತಾಯ್ತು, 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು 'ಸೆಟ್' ಪದಕ್ಕೆ, ಮುಂದೆ ಅದನ್ನ ರನ್ ಹಿಂದೆ ಹಾಕಿತು. ಬರೀ ಕ್ರಿಯಾಪದಕ್ಕೇ 645 ಅರ್ಥ. ಪೀಟರ್ ಗಿಲಿವರ್ ಅನ್ನೋ ಸಂಪಾದಕರು ಅದೊಂದೇ ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ದರಂತೆ. ನಾನು ಮೂವತ್ತು ಅರ್ಥ ಬರೆದುಕೊಂಡು ಬಾಯಿಪಾಠ ಮಾಡಿದೆ. ವಾರದಲ್ಲಿ ಎಲ್ಲ ಕಲಸುಮೇಲೋಗರ.

ದಾರಿ ತೋರಿಸಿದ್ದು ನಮ್ಮ ಮಿಲ್‌ನ ಬಿಹಾರದ ಹುಡುಗ. ಕನ್ನಡ ಕಲೀತಿದ್ದ, 'ಹೊಡಿ' ಅಂದ್ರೆ ಏಟು ಹಾಕೋದು ಅಂತಷ್ಟೇ ಗೊತ್ತಿತ್ತು. ಆಮೇಲೆ ಯಾರೋ 'ಎಣ್ಣಿ ಹೊಡಿ' ಅಂದ್ರೆ ಕುಡಿಯೋದು ಅಂತ ಹೇಳಿಕೊಟ್ಟಿದ್ದಾರೆ. ಒಂದು ಮುಂಜಾನೆ ಸಾವ್ಕಾರ್ರ ತಮ್ಮನನ್ನ ಕೇಳಿಕೊಂಡು ಯಾರೋ ಬಂದ್ರು, ವಾಚ್‌ಮನ್ "ಗದ್ದಿಗೆ ಎಣ್ಣಿ ಹೊಡ್ಯಾಕ ಹೋಗ್ಯಾರ್ರಿ" ಅಂದ. ಹುಡುಗ ನನ್ನ ಹತ್ತಿರ ಬಂದು ಪಿಸುಗುಟ್ಟಿದ, ಬೆಳಿಗ್ಗೆ ಏಳಕ್ಕೇ ಕುಡೀತಾರಾ ಅಂತ! ಭತ್ತಕ್ಕೆ ಕೀಟನಾಶಕ ಸಿಂಪಡಿಸೋದೂ ಎಣ್ಣಿ ಹೊಡೆಯೋದೇ ಅಂತ ತಿಳಿಸಿ ಹೇಳೋ ಹೊತ್ತಿಗೆ ನನಗೆ ಸಾಕಾಯ್ತು. ಟೈರಿಗೆ ಗಾಳಿ ಹೊಡಿ, ಕಸ ಹೊಡಿ, ಗೋಡೆಗೆ ಬಣ್ಣ ಹೊಡಿ, ಹರಟೆ ಹೊಡಿ. ಇವನ್ನೆಲ್ಲ ನಾನು ಯಾವತ್ತೂ ಪಟ್ಟಿ ಮಾಡಿ ಕಲಿತವನಲ್ಲ. ಪಕ್ಕದಲ್ಲಿ ಯಾವ ಪದ ಇದೆ ಅಂತ ನೋಡಿದ್ರೆ ಅರ್ಥ ತಾನಾಗಿ ಬರ್ತಿತ್ತು.

ಹಳೇ ಪಟ್ಟಿ ಬಿಸಾಕಿ, ಒಂದು ನೂರು ಪೇಜಿನ ನೋಟ್‌ಬುಕ್ ತಗೊಂಡೆ. ಎಡಕ್ಕೆ ನನಗೆ ನಿಜವಾಗಿ ಬಂದ ಇಂಗ್ಲಿಷ್ ವಾಕ್ಯ ಪೂರ್ತಿ, ಬಲಕ್ಕೆ ಅದನ್ನೇ ನಮ್ಮ ಮಿಲ್‌ನಲ್ಲಿ ಹೇಗೆ ಅಂತೀವೋ ಹಾಗೆ. ಡಿಕ್ಷನರಿಯಲ್ಲಿದೆ ಅಂತ ಯಾವುದನ್ನೂ ಬರೀಲಿಲ್ಲ. ಹೀಗೆ ಬರೀತಾ ಬರೀತಾ ಗೊತ್ತಾಗಿದ್ದು ಏನಂದ್ರೆ, ಇಂಗ್ಲಿಷ್‌ನವರು ಒಂದೇ ರನ್ ಇಟ್ಟುಕೊಂಡು ದುಡಿಸೋ ಜಾಗದಲ್ಲಿ ನಾವು ನಾಲ್ಕೈದು ಪದ ಹಂಚಿ ಹಾಕಿದ್ದೀವಿ. ಮಿಲ್ ನಡೆಯುತ್ತೆ, ಮೂಗು ಸೋರುತ್ತೆ, ಸೀರೆ ಬಣ್ಣ ಬಿಡುತ್ತೆ, ನೀರು ಹರಿಯುತ್ತೆ. ಇಂಗ್ಲಿಷಲ್ಲಿ ಎಲ್ಲವೂ ಓಡುತ್ತವೆ! ಸಿನಿಮಾ ಮಾತ್ರ ಎರಡು ಕಡೆಯೂ ಓಡುತ್ತೆ. ಲಾರಿ ಯಾರದೋ ಮೇಲೆ ಹರಿಯಿತು ಅಂತೀವಲ್ಲ, ಅಲ್ಲಿ ನಮ್ಮ 'ಹರಿ' ಅವರ 'ರನ್ ಓವರ್' ಪಕ್ಕಕ್ಕೇ ಬಂದು ನಿಲ್ಲುತ್ತೆ. ಹಳೇ ಇಂಗ್ಲಿಷ್‌ನಲ್ಲಿ ರನ್‌ನ ಮೂಲ ಪದಕ್ಕೆ ಹರಿಯೋದು ಅನ್ನೋ ಅರ್ಥವೂ ಇತ್ತಂತೆ.

ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ 'ರನ್ಸ್' ಅಂತ ಓದಿದಾಗ ನನಗೆ ನಗು ಬಂತು. ಬೇಸಿಗೆಯಲ್ಲಿ ನೀರು ನಿಲ್ಲಿಸಿದ ಮೇಲೆ ಅದೇ ಕಾಲುವೆಯೊಳಗೆ ಹುಡುಗರು ಕ್ರಿಕೆಟ್ ಆಡ್ತಿರ್ತಾರೆ. ಇಂಗ್ಲಿಷ್‌ನಲ್ಲಿ ಮಾತ್ರ ಅದು ಆಗಲೂ ಓಡ್ತಾನೇ ಇರುತ್ತೆ. ಚುನಾವಣೆಗೆ ಅಮೆರಿಕದವರು ಓಡ್ತಾರೆ, ಬ್ರಿಟಿಷರು ನಿಲ್ತಾರೆ. ನಮ್ಮವರೂ ನಿಲ್ಲೋರೇ, ಓಡೋದೆಲ್ಲ ಗೆದ್ದ ಮೇಲೆ.

ಬೋರ್ ಇರೋ ರೈತನಿಗೆ 'ಡ್ರೈ ರನ್' ಅಂದ್ರೆ ಎದೆ ಧಸಕ್ ಅನ್ನುತ್ತೆ, ನೀರಿಲ್ಲದೆ ಮೋಟರ್ ಓಡಿ ಸುಟ್ಟುಹೋಗೋದು ಅದು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಯ ಡ್ರೈ ರನ್ ಅಂತ ಪೇಪರ್‌ನಲ್ಲಿ ಬಂದಾಗ ನಮ್ಮಪ್ಪ ಗಾಬರಿಯಾಗಿ, "ಡ್ರೈ ರನ್ ಮಾಡಿದ್ರ ಸುಟ್ಟು ಹೋಗಂಗಿಲ್ಲೇನ?" ಅಂದಿದ್ರು. ಲಸಿಕೆ ಕೊಡದೆ ಬರೀ ತಾಲೀಮು ಮಾಡೋದು ಅಂತ ನನಗೆ ಆಗಲೂ ಗೊತ್ತಿರಲಿಲ್ಲ, ಹೂಂ ಅಂದು ಸುಮ್ಮನಾಗಿದ್ದೆ.

ಈಗ ನೋಟ್‌ಬುಕ್‌ನಲ್ಲಿ ರನ್‌ಗೆ 41 ವಾಕ್ಯ ಆಗಿವೆ. ಎರಡು ವರ್ಷದ ಸಂಪಾದನೆ. ನನ್ನ ಕೆಲಸಕ್ಕೆ ಅಷ್ಟು ಸಾಕು, ಉಳಿದ ಆರುನೂರು ಗಿಲಿವರ್ ಅವರ ಹತ್ತಿರಾನೇ ಇರಲಿ. ಜಾಸ್ತಿ ಕಾಡಿಸಿದ್ದು ಹಿಂದೆ ಬರೋ ಚಿಕ್ಕ ಪದಗಳು. ಔಟ್ ಬಂದ್ರೆ ಖಾಲಿ, ಇನ್‌ಟು ಬಂದ್ರೆ ಎದುರಾಗೋದು, ಬೈ ಬಂದ್ರೆ ಇನ್ನೇನೋ.

ಹೋದ ವಾರ ಅದೇ ಚೀಲದವನು ಹೊಸ ಡಿಸೈನ್ ಕಳಿಸಿ 'ಪ್ಲೀಸ್ ರನ್ ಇಟ್ ಬೈ ಯುವರ್ ಓನರ್' ಅಂತ ಬರೆದ. ಸಾವ್ಕಾರ್ರಿಗೆ ತೋರಿಸಿ ಒಂದು ಮಾತು ಕೇಳು ಅಂತ ನೋಡಿದ ಕೂಡಲೇ ತಿಳೀತು. ಆದ್ರೂ ಫೋನ್ ಮಾಡಿ ಖಾತ್ರಿ ಮಾಡಿಕೊಂಡೇ ಒಳಗೆ ಹೋದೆ. ಮತ್ತೆ ಚೀಲದ ವಿಷಯ ನೋಡಿ.